ರಕ್ತರಸದ ಸೂಜಿಮದ್ದು ಮತ್ತು ಸೊನ್ನೆಯ ದೋಷ

ಡೆಂಗೆ ಜ್ವರವು ನಮ್ಮ ನಾಡಿನ ಊರೂರಿಗೂ ಕಾಲಿಟ್ಟ ಮೇಲೆ ‘ಪ್ಲೇಟ್‌ಲೆಟ್’ ಎಂಬ ಮಾತನ್ನು ಕೇಳದ ಮನೆಯೇ ಇಲ್ಲವೆನ್ನಬಹುದು. ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತವರು ನಿನ್ನೆ ಎಷ್ಟಿತ್ತು, ಇಂದು ಎಷ್ಟಕ್ಕಿಳಿಯಿತು, ನಾಳೆ ಏರೀತೆ ಎಂದು ಲೆಕ್ಕ ಹಾಕುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆರೋಗ್ಯವಂತರ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುವ ಈ ಕಿರುಬಿಲ್ಲೆಗಳು ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ವೇಷದಲ್ಲಿಯೂ ಜನರ ಮುಂದೆ ಬಂದಿವೆ. ಮಂಡಿ ಸವೆದ ವೃದ್ಧರಿಗೆ, ಹಿಮ್ಮಡಿಯ ಸ್ನಾಯುರಜ್ಜು ನೊಂದ ಓಟಗಾರರಿಗೆ, ಮೊಣಕೈ ನೋವಿನಿಂದ ಕೊಡ ಎತ್ತಲಾರದ ಗೃಹಿಣಿಯರಿಗೆ ಅವರವರ ರಕ್ತವನ್ನೇ ತೆಗೆದು, ಯಂತ್ರದಲ್ಲಿ ತಿರುಗಿಸಿ, ಕಿರುಬಿಲ್ಲೆಗಳು ಒತ್ತಾಗಿ ಸೇರಿದ ರಕ್ತರಸವನ್ನು ನೋಯುವ ಜಾಗಕ್ಕೆ ಚುಚ್ಚುವ ಚಿಕಿತ್ಸೆಯೇ ಅದು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು ಪಿ.ಆರ್.ಪಿ. ಎಂದು ಕರೆಯುತ್ತಾರೆ. ವಿಚಿತ್ರವೆಂದರೆ, ಜ್ವರದಲ್ಲಿ ದಿನಕ್ಕೊಮ್ಮೆ ಎಣಿಸುವ ಈ ಬಿಲ್ಲೆಗಳನ್ನು ಮದ್ದಾಗಿ ಚುಚ್ಚುವಾಗ ಅನೇಕ ಕಡೆಗಳಲ್ಲಿ ಯಾರೂ ಎಣಿಸುವುದೇ ಇಲ್ಲ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಬಹುಮಟ್ಟಿಗೆ ಈ ಒಂದು ಮಾತನ್ನೇ.

ವೈದ್ಯರ ಕ್ಷೇತ್ರದಲ್ಲಿ ಭೌತವಿಜ್ಞಾನವನ್ನು ಬೋಧಿಸುವವರಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ರೋಗವನ್ನು ಗುಣಪಡಿಸುವ ವಿದ್ಯೆ ನಮ್ಮದಲ್ಲ. ಅದನ್ನು ಒಪ್ಪಿಕೊಂಡೇ ಬರೆಯುತ್ತಿದ್ದೇವೆ. ಆದರೆ ಅಳೆಯುವುದು ನಮ್ಮ ಕಸುಬು. ಯಾವ ವಸ್ತುವನ್ನೇ ಆಗಲಿ, ಎಷ್ಟು ಕೊಟ್ಟರೆ ಎಷ್ಟು ಫಲ ಬಂದಿತೆಂದು ಹೇಳುವಲ್ಲಿ ಅಳತೆಯ ನಿಯಮಗಳು ಪ್ರಯೋಗಶಾಲೆಗೂ ಆಸ್ಪತ್ರೆಗೂ ಒಂದೇ.

ಮೊದಲು ಈ ಚಿಕಿತ್ಸೆಯ ಹಿಂದಿರುವ ಆಸೆ ಎಲ್ಲಿಂದ ಹುಟ್ಟಿತೆಂಬುದನ್ನು ನೋಡೋಣ. ರಕ್ತ ಹೆಪ್ಪುಗಟ್ಟುವಲ್ಲಿ ಕಿರುಬಿಲ್ಲೆಗಳ ಪಾತ್ರವನ್ನು ೧೮೮೨ರಲ್ಲಿ ಸ್ಪಷ್ಟಪಡಿಸಿದವರು ಇಟಲಿಯ ಟ್ಯೂರಿನ್ ನಗರದ ಜೂಲಿಯೊ ಬಿಜೋಜೆರೊ. ಬೀಜಕೇಂದ್ರವಿಲ್ಲದ, ಎರಡು ಮೂರು ಮೈಕ್ರೋಮೀಟರಿನಷ್ಟು ಅಗಲದ, ಏಳರಿಂದ ಹತ್ತು ದಿನ ಮಾತ್ರ ಬದುಕುವ ಈ ಕಣಗಳು ಗಾಯದ ಬಾಯಿಯನ್ನು ಮುಚ್ಚಿ ಸುಮ್ಮನಾಗುವುದಿಲ್ಲ. ಅವುಗಳ ಒಡಲಲ್ಲಿರುವ ಸಣ್ಣ ಚೀಲಗಳು ಒಡೆದು, ಸುತ್ತಲಿನ ಜೀವಕೋಶಗಳನ್ನು ಬೆಳೆಯಲು ಪ್ರಚೋದಿಸುವ ಪ್ರೋಟೀನುಗಳು ಹೊರಬೀಳುತ್ತವೆ. ೧೯೭೪ರಲ್ಲಿ ಅಮೆರಿಕದ ರಸೆಲ್ ರಾಸ್ ಮತ್ತು ಅವರ ಸಂಗಡಿಗರು ಕಿರುಬಿಲ್ಲೆಗಳಿಂದ ಬರುವ ಅಂಥ ಒಂದು ಪದಾರ್ಥವು ಸ್ನಾಯುಕೋಶಗಳನ್ನು ವೃದ್ಧಿಪಡಿಸುವುದನ್ನು ತೋರಿಸಿದರು. ೧೯೯೮ರಲ್ಲಿ ರಾಬರ್ಟ್ ಮಾರ್ಕ್ಸ್ ಮತ್ತಿತರರು ದವಡೆಯ ಮೂಳೆಯನ್ನು ಕಸಿಮಾಡುವಾಗ ಈ ರಸವನ್ನು ಬಳಸಿ ಆಶಾದಾಯಕ ಫಲವನ್ನು ಪ್ರಕಟಿಸಿದರು. ಗಾಯ ಮಾಯಿಸುವ ಕಣಗಳನ್ನು ಗಾಯಕ್ಕೆ ಹೆಚ್ಚಾಗಿ ಒದಗಿಸಿದರೆ ಗಾಯ ಬೇಗ ಮಾಯದೆ ಎಂಬ ತರ್ಕ ಸಹಜವಾದುದೇ. ಆದರೆ ಸಹಜವಾದ ತರ್ಕವೆಲ್ಲ ನಿಜವಾಗಬೇಕೆಂದಿಲ್ಲ. ಭಾರವಾದ ವಸ್ತು ಬೇಗ ಬೀಳುತ್ತದೆಂಬುದೂ ಒಂದು ಕಾಲಕ್ಕೆ ಸಹಜವಾದ ತರ್ಕವೇ ಆಗಿತ್ತು.

ರಸವನ್ನು ಸಿದ್ಧಪಡಿಸುವ ಕ್ರಮವು ಶುದ್ಧ ಭೌತವಿಜ್ಞಾನ. ಮುಂಗಾರಿನ ಮೊದಲ ಹೊಳೆನೀರನ್ನು ಕೊಡದಲ್ಲಿ ತುಂಬಿಟ್ಟರೆ ಮರಳು ಕ್ಷಣಮಾತ್ರದಲ್ಲಿ ತಳ ಸೇರುತ್ತದೆ; ಕೆಸರಿಗೆ ಗಂಟೆಗಳು ಬೇಕು; ನಯವಾದ ಜೇಡಿ ಮರುದಿನವೂ ತೇಲುತ್ತಿರುತ್ತದೆ. ದ್ರವದಲ್ಲಿ ಕಣವು ಇಳಿಯುವ ವೇಗವು ಅದರ ವ್ಯಾಸದ ವರ್ಗವನ್ನೂ, ಕಣಕ್ಕೂ ದ್ರವಕ್ಕೂ ಇರುವ ಸಾಂದ್ರತೆಯ ವ್ಯತ್ಯಾಸವನ್ನೂ ಅನುಸರಿಸುತ್ತದೆಂಬುದು ಸ್ಟೋಕ್ಸ್‌ನ ನಿಯಮ. ಕೆಂಪು ಕಣಗಳು ಕಿರುಬಿಲ್ಲೆಗಳಿಗಿಂತ ಅಗಲದಲ್ಲಿ ಸುಮಾರು ಮೂರು ಪಟ್ಟು ದೊಡ್ಡವು, ಸಾಂದ್ರತೆಯಲ್ಲಿಯೂ ಹೆಚ್ಚಿನವು. ಎರಡನ್ನೂ ಗೋಲಗಳೆಂದು ಸ್ಥೂಲವಾಗಿ ಎಣಿಸಿದರೆ ಕೆಂಪು ಕಣಗಳು ಇಪ್ಪತ್ತು ಪಟ್ಟು ವೇಗವಾಗಿ ಇಳಿಯಬೇಕು. ಗುರುತ್ವದ ಎಳೆತವೊಂದನ್ನೇ ನಂಬಿದರೆ ಈ ಕೆಲಸ ನಿಧಾನ. ಆದಕಾರಣ ರಕ್ತದ ನಳಿಕೆಯನ್ನು ಕೇಂದ್ರಾಪಗಾಮಿ ಯಂತ್ರದಲ್ಲಿಟ್ಟು ತಿರುಗಿಸುತ್ತಾರೆ. ಗುರುತ್ವದ ನೂರಾರು ಪಟ್ಟು ಬಲವು ಅದರ ಮೇಲೆ ವರ್ತಿಸುತ್ತದೆ. ತಳದಲ್ಲಿ ಕೆಂಪು ಕಣಗಳು, ಅವುಗಳ ಮೇಲೆ ಬಿಳಿಯ ಕಣಗಳ ತೆಳುಪದರ, ಎಲ್ಲಕ್ಕೂ ಮೇಲೆ ಹೊಂಬಣ್ಣದ ರಕ್ತರಸ ನಿಲ್ಲುತ್ತವೆ. ಕಿರುಬಿಲ್ಲೆಗಳು ಈ ರಸದಲ್ಲಿಯೂ ಬಿಳಿಯ ಪದರದ ಬಳಿಯೂ ಇರುತ್ತವೆ. ಎಷ್ಟು ಬಲದಿಂದ, ಎಷ್ಟು ಹೊತ್ತು ತಿರುಗಿಸಿ, ಯಾವ ಮಟ್ಟದಿಂದ ಹೀರಿದರೆಂಬುದರ ಮೇಲೆ ಕೈಗೆ ಬಂದ ರಸದ ಗುಣ ನಿಂತಿದೆ.

ಈ ಚಿಕಿತ್ಸೆಗೆ ಪ್ರಸಿದ್ಧಿ ತಂದವರು ಕ್ರೀಡಾಪಟುಗಳು. ೨೦೦೯ರಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ಹೈನ್ಸ್ ವಾರ್ಡ್ ಮಂಡಿಯ ಪೆಟ್ಟಿಗೆ ಇದನ್ನು ಚುಚ್ಚಿಸಿಕೊಂಡು ಆ ವರ್ಷದ ದೊಡ್ಡ ಪಂದ್ಯದಲ್ಲಿ ಆಡಿದ ಸುದ್ದಿ ಎಲ್ಲೆಡೆ ಹರಡಿತು. ಉದ್ದೀಪನ ಮದ್ದುಗಳನ್ನು ತಡೆಯುವ ಅಂತರರಾಷ್ಟ್ರೀಯ ಸಂಸ್ಥೆಯು ೨೦೧೦ರಲ್ಲಿ ಸ್ನಾಯುವಿನೊಳಗೆ ಇದನ್ನು ಚುಚ್ಚುವುದನ್ನು ನಿಷೇಧಿಸಿ, ೨೦೧೧ರಲ್ಲಿ ನಿಷೇಧವನ್ನು ತೆಗೆದುಹಾಕಿತು. ಇದರಿಂದ ಆಟದ ಸಾಮರ್ಥ್ಯ ಹೆಚ್ಚುವುದಕ್ಕೆ ಸಾಕ್ಷ್ಯ ಸಿಗಲಿಲ್ಲವೆಂಬುದು ಕಾರಣ. ನಿಷೇಧವೂ ಒಂದು ಬಗೆಯ ಜಾಹೀರಾತೇ ಆಯಿತೆಂದು ತೋರುತ್ತದೆ.

ಇಷ್ಟನ್ನೂ ನಾವು ಓದಲು ತೊಡಗಿದ್ದು ಒಬ್ಬ ಹಿರಿಯರ ಪ್ರಶ್ನೆಯಿಂದ. ಅವರು ಕಾಲೇಜೊಂದರ ಭೌತವಿಜ್ಞಾನ ಪ್ರಯೋಗಶಾಲೆಯಲ್ಲಿ ಸಹಾಯಕರಾಗಿದ್ದು ನಿವೃತ್ತರಾದವರು. ಮೂವತ್ತು ವರ್ಷ ನಿಂತೇ ಕೆಲಸ ಮಾಡಿದ ಅವರ ಮಂಡಿ ಸವೆದಿದೆ. ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ತಮ್ಮ ತಿಂಗಳ ಪಿಂಚಣಿಯನ್ನು ಮೀರುವ ಹಣವನ್ನು ತೆತ್ತು ಒಂದು ಸೂಜಿ ಹಾಕಿಸಿಕೊಂಡರು. ಎರಡು ತಿಂಗಳು ನೋವು ತಗ್ಗಿತ್ತು, ಅನಂತರ ಮೊದಲಿನಂತಾಯಿತು. ಇನ್ನೆರಡು ಸೂಜಿ ಹಾಕಿಸಿಕೊಳ್ಳಬೇಕೆಂದು ಅಲ್ಲಿ ಹೇಳಿದರಂತೆ. “ಆ ಎರಡು ತಿಂಗಳ ಸುಖ ಸೂಜಿಯಿಂದಲೇ ಬಂದದ್ದೋ ಅಥವಾ ತಾನಾಗಿ ಬಂದದ್ದೋ? ತಿಳಿಸಿದರೆ ಮುಂದಿನದಕ್ಕೆ ಹಣ ಹೊಂದಿಸುತ್ತೇನೆ” ಎಂದು ಅವರು ನಮ್ಮನ್ನು ಕೇಳಿದರು. ನಾವು ಕೂಡಲೇ ಉತ್ತರ ಹೇಳಲಾರದೆ ಹೋದೆವು.

ಆದರೆ ಉತ್ತರದ ದಾರಿಯನ್ನು ವಿದ್ಯಾರ್ಥಿದೆಸೆಯಲ್ಲಿ ನಮಗೆ ತೋರಿಸಿದ್ದವರು ಅವರಂಥವರೇ. ತಂತಿಯ ದಪ್ಪವನ್ನು ಅಳೆಯಲು ಸ್ಕ್ರೂ ಗೇಜನ್ನು ಕೈಗೆ ಕೊಡುವ ಮುನ್ನ, “ಮೊದಲು ಬರಿಯ ಬಾಯಿಯನ್ನು ಮುಚ್ಚಿ ನೋಡಿ, ಸೊನ್ನೆ ಸರಿಯಾಗಿದೆಯೆ?” ಎನ್ನುವುದು ಪ್ರಯೋಗಶಾಲೆಯ ಮೊದಲ ಪಾಠ. ನಡುವೆ ಏನನ್ನೂ ಇಡದಿದ್ದಾಗಲೂ ಉಪಕರಣವು ಒಂದು ಅಂಕಿಯನ್ನು ತೋರಿಸುವುದುಂಟು. ಅದೇ ಸೊನ್ನೆಯ ದೋಷ. ಅದನ್ನು ಕಳೆಯದೆ ಬರೆದ ಫಲಿತಾಂಶಕ್ಕೆ ಅಂಕವಿಲ್ಲ.

ನೋವಿನ ಅಳತೆಗೂ ಇಂಥದೊಂದು ಸೊನ್ನೆಯ ದೋಷವಿದೆ. ಕೀಲುನೋವು ಏರುತ್ತ ಇಳಿಯುತ್ತ ಸಾಗುವಂಥದು. ಜನರು ವೈದ್ಯರ ಬಳಿಗೆ ಹೋಗುವುದು ಅದು ತೀರ ಏರಿದಾಗ. ಆ ಶಿಖರದಿಂದ ಮುಂದಿನ ದಾರಿ ಸಾಮಾನ್ಯವಾಗಿ ಇಳಿಜಾರೇ. ಜೊತೆಗೆ ಚಿಕಿತ್ಸೆಯ ಮೇಲಿನ ವಿಶ್ವಾಸ, ತೆತ್ತ ಹಣದ ಭಾರ, ಸೂಜಿ ಚುಚ್ಚಿದ ಮೇಲೆ ತೆಗೆದುಕೊಂಡ ವಿಶ್ರಾಂತಿ ಇವೆಲ್ಲವೂ ನೋವಿನ ಅಂಕಿಯನ್ನು ತಗ್ಗಿಸುತ್ತವೆ. ಆದುದರಿಂದ ಮದ್ದಿಲ್ಲದ ಸೂಜಿಯೂ ಒಂದಿಷ್ಟು ಗುಣವನ್ನು ತೋರಿಸುತ್ತದೆ. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ರಕ್ತರಸವನ್ನೂ ಇನ್ನೊಂದಕ್ಕೆ ಬರಿಯ ಉಪ್ಪುನೀರನ್ನೂ ಚುಚ್ಚಿ, ಯಾರಿಗೆ ಯಾವುದೆಂಬುದನ್ನು ರೋಗಿಗೂ ಪರೀಕ್ಷಕರಿಗೂ ತಿಳಿಸದೆ ನೋಡುವ ಪ್ರಯೋಗವೆಂದರೆ ಈ ಸೊನ್ನೆಯನ್ನು ನೋಡಿ ಕಳೆಯುವ ಕ್ರಮವೇ. ನಮ್ಮ ಹಿರಿಯರಿಗೆ ನಾವು ಉತ್ತರ ಹೇಳಲಾರದೆ ಹೋದುದಕ್ಕೆ ಕಾರಣವೂ ಇದೇ: ಅವರ ಮಂಡಿಗೆ ಉಪ್ಪುನೀರು ಚುಚ್ಚಿದ್ದರೆ ಏನಾಗುತ್ತಿತ್ತೆಂಬುದನ್ನು ಯಾರೂ ನೋಡಿಲ್ಲ.

ಹಾಗೆ ಸೊನ್ನೆಯನ್ನು ಕಳೆದು ನೋಡಿದ ಪ್ರಯೋಗಗಳು ಏನು ಹೇಳುತ್ತವೆ? ೨೦೧೦ರಲ್ಲಿ ನೆದರ್‌ಲೆಂಡ್ಸಿನಲ್ಲಿ ಹಿಮ್ಮಡಿಯ ಸ್ನಾಯುರಜ್ಜುವಿನ ಹಳೆಯ ನೋವಿದ್ದ ೫೪ ಜನರಲ್ಲಿ ರಕ್ತರಸವನ್ನೂ ಉಪ್ಪುನೀರನ್ನೂ ಹೋಲಿಸಿದರು. ಎರಡು ಗುಂಪಿನವರೂ ವ್ಯಾಯಾಮ ಮಾಡಿದರು. ೨೪ ವಾರಗಳ ಬಳಿಕ ಎರಡು ಗುಂಪುಗಳೂ ಸುಧಾರಿಸಿದ್ದವು, ಆದರೆ ಅವುಗಳ ನಡುವೆ ಗಣ್ಯವಾದ ವ್ಯತ್ಯಾಸ ಕಾಣಲಿಲ್ಲ. ೨೦೧೪ರಲ್ಲಿ ಅದೇ ದೇಶದಲ್ಲಿ ತೊಡೆಯ ಹಿಂಬದಿಯ ಸ್ನಾಯು ಹರಿದ ೮೦ ಕ್ರೀಡಾಪಟುಗಳ ಮೇಲೆ ನಡೆದ ಪ್ರಯೋಗದಲ್ಲಿ ಆಟಕ್ಕೆ ಮರಳಲು ಎರಡೂ ಗುಂಪುಗಳಿಗೆ ಹಿಡಿದ ಮಧ್ಯಕ ಕಾಲ ೪೨ ದಿನ. ಬ್ರಿಟನ್ನಿನಲ್ಲಿ ಹಿಮ್ಮಡಿಯ ರಜ್ಜು ಹರಿದ ೨೩೦ ಜನರ ಮೇಲೆ ನಡೆದು ೨೦೧೯ರಲ್ಲಿ ಪ್ರಕಟವಾದ ಪ್ರಯೋಗ, ಅದೇ ರಜ್ಜುವಿನ ಹಳೆಯ ನೋವಿದ್ದ ೨೪೦ ಜನರ ಮೇಲೆ ನಡೆದು ೨೦೨೧ರಲ್ಲಿ ಪ್ರಕಟವಾದ ಪ್ರಯೋಗ, ಇವೆರಡೂ ಅದನ್ನೇ ಹೇಳಿದವು.

ನಮ್ಮ ಜನರಿಗೆ ಹೆಚ್ಚು ಬೇಕಾದುದು ಮಂಡಿಯ ಸಂಗತಿ. ಆಸ್ಟ್ರೇಲಿಯದಲ್ಲಿ ಮಂಡಿ ಸ್ವಲ್ಪಮಟ್ಟಿಗೆ ಅಥವಾ ಮಧ್ಯಮವಾಗಿ ಸವೆದ, ಐವತ್ತು ದಾಟಿದ ೨೮೮ ಜನರಿಗೆ ವಾರಕ್ಕೊಂದರಂತೆ ಮೂರು ಸೂಜಿಗಳನ್ನು ಹಾಕಿ ಒಂದು ವರ್ಷ ನೋಡಿದರು. ಫಲವು ೨೦೨೧ರಲ್ಲಿ ಪ್ರಕಟವಾಯಿತು. ಸೊನ್ನೆಯಿಂದ ಹತ್ತರವರೆಗಿನ ನೋವಿನ ಮಾಪನದಲ್ಲಿ ರಕ್ತರಸದವರಿಗೆ ೨.೧ ಅಂಶವೂ ಉಪ್ಪುನೀರಿನವರಿಗೆ ೧.೮ ಅಂಶವೂ ನೋವು ಇಳಿದಿತ್ತು. ಮಂಡಿಯ ಒಳಬದಿಯ ಮೃದ್ವಸ್ಥಿಯ ಗಾತ್ರ ಮೊದಲಿನವರಲ್ಲಿ ಶೇಕಡ ೧.೪ರಷ್ಟೂ ಎರಡನೆಯವರಲ್ಲಿ ಶೇಕಡ ೧.೨ರಷ್ಟೂ ಕುಗ್ಗಿತ್ತು. ಎರಡು ವ್ಯತ್ಯಾಸಗಳೂ ಆಕಸ್ಮಿಕದ ಮಿತಿಯೊಳಗಿನವು. ೨.೧ ಎಂಬ ಅಂಕಿಯನ್ನು ಮಾತ್ರ ಜನರ ಮುಂದಿಟ್ಟರೆ ಅದೊಂದು ದೊಡ್ಡ ಗೆಲುವು. ಸೊನ್ನೆಯ ದೋಷವಾದ ೧.೮ನ್ನು ಕಳೆದರೆ ಉಳಿಯುವುದು ೦.೩. ರೋಗಿಯು ಹಣ ತೆರುವುದು ಮೊದಲನೆಯ ಅಂಕಿಯನ್ನು ನಂಬಿ. ಅವನಿಗೆ ದೊರೆತದ್ದು ಎರಡನೆಯದು.

ಎದುರು ಪಕ್ಷದ ಮಾತನ್ನೂ ನಾವು ಮರೆಮಾಚಬಾರದು. ನಮ್ಮ ದೇಶದ್ದೇ ಆದ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿ, ಎರಡೂ ಮಂಡಿಗಳು ಸವೆದ ೭೮ ರೋಗಿಗಳಲ್ಲಿ ನಡೆಸಿ ೨೦೧೩ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ರಕ್ತರಸವು ಉಪ್ಪುನೀರಿಗಿಂತ ಮೇಲೆಂದು ಆರು ತಿಂಗಳವರೆಗೆ ಕಂಡುಬಂದಿತು; ಕೊನೆಯಲ್ಲಿ ಮಾತ್ರ ಗುಣವು ತುಸು ಇಳಿಮುಖವಾಗಿತ್ತು. ಒಂದು ಸೂಜಿಗೂ ಎರಡು ಸೂಜಿಗೂ ಅಲ್ಲಿ ಅಂತರ ಕಾಣಲಿಲ್ಲವೆಂಬುದನ್ನು, ಸೂಜಿಗಳ ಸರಣಿಯನ್ನೇ ಮಾರುವವರು ಗಮನಿಸಬೇಕು. ಅಮೆರಿಕದಲ್ಲಿ ಮೊಣಕೈ ನೋವಿನ ೨೩೦ ರೋಗಿಗಳಲ್ಲಿ, ೨೪ ವಾರಗಳ ಹೊತ್ತಿಗೆ, ರಕ್ತರಸದ ಗುಂಪಿನಲ್ಲಿ ಶೇಕಡ ೮೪ ಜನರೂ ಹೋಲಿಕೆಯ ಗುಂಪಿನಲ್ಲಿ ಶೇಕಡ ೬೮ ಜನರೂ ಗುಣ ಕಂಡರೆಂದು ೨೦೧೪ರಲ್ಲಿ ವರದಿಯಾಯಿತು. ಆದರೆ ಮೊಣಕೈ ನೋವಿನ ಪ್ರಯೋಗಗಳನ್ನೆಲ್ಲ ಕೂಡಿಸಿ ತೂಗಿದ ಕಾಕ್ರೇನ್ ಸಮೀಕ್ಷೆಯು ೨೦೨೧ರಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲವೆಂದು ತೀರ್ಮಾನಿಸಿತು. ಮಂಡಿಯ ಬಗ್ಗೆ ಅಮೆರಿಕದ ವೈದ್ಯಸಂಸ್ಥೆಗಳಲ್ಲಿಯೇ ಒಮ್ಮತವಿಲ್ಲ. ಸಂಧಿವಾತ ತಜ್ಞರ ಸಂಸ್ಥೆಯ ೨೦೧೯ರ ಮಾರ್ಗಸೂಚಿ ಇದನ್ನು ಬಳಸಬಾರದೆಂದು ಬಲವಾಗಿ ಹೇಳಿದರೆ, ಮೂಳೆಯ ಶಸ್ತ್ರವೈದ್ಯರ ಸಂಸ್ಥೆಯು ೨೦೨೧ರಲ್ಲಿ ನೋವು ತಗ್ಗಬಹುದೆಂದು ಸೀಮಿತ ಬಲದ ಶಿಫಾರಸನ್ನು ಮಾಡಿತು.

ಬಲ್ಲವರೇ ಹೀಗೆ ಭಿನ್ನವಾಗಿ ನುಡಿಯಲು ಕಾರಣವೇನು? ಸಂಧಿವಾತ ತಜ್ಞರು ಕೊಟ್ಟ ಕಾರಣ ಗಮನಾರ್ಹವಾದುದು: ಒಂದೇ ಹೆಸರಿನಲ್ಲಿ ಚುಚ್ಚುವ ರಸವು ಎಲ್ಲೆಡೆಯೂ ಒಂದೇ ಅಲ್ಲ. ಒಬ್ಬರದರಲ್ಲಿ ಬಿಳಿಯ ಕಣಗಳು ಹೇರಳ, ಇನ್ನೊಬ್ಬರದರಲ್ಲಿ ಇಲ್ಲವೇ ಇಲ್ಲ. ಒಬ್ಬರು ಒಮ್ಮೆ ತಿರುಗಿಸುತ್ತಾರೆ, ಇನ್ನೊಬ್ಬರು ಎರಡು ಬಾರಿ. ೨೦೦೧ರಲ್ಲಿ ಮೇಲೆ ಹೇಳಿದ ಮಾರ್ಕ್ಸ್ ಅವರು, ಐದು ಮಿಲಿಲೀಟರ್ ರಸದಲ್ಲಿ ಘನ ಮಿಲಿಮೀಟರಿಗೆ ಹತ್ತು ಲಕ್ಷ ಕಿರುಬಿಲ್ಲೆಗಳಿರಬೇಕೆಂದು ಸೂಚಿಸಿದ್ದರು. ಅಂದರೆ ಒಟ್ಟು ೫೦೦ ಕೋಟಿ. ಆಸ್ಟ್ರೇಲಿಯದ ಪ್ರಯೋಗದಲ್ಲಿ ಚುಚ್ಚಿದ ರಸದಲ್ಲಿ ಘನ ಮಿಲಿಮೀಟರಿಗೆ ಸರಾಸರಿ ಮೂರೂಕಾಲು ಲಕ್ಷವಿದ್ದವು. ಇದು ಸಾಮಾನ್ಯ ರಕ್ತದ ಮಿತಿಯೊಳಗೇ ಇರುವ ಅಂಕಿ. ಐದು ಮಿಲಿಲೀಟರಿಗೆ ಸುಮಾರು ೧೬೦ ಕೋಟಿ. ಅದೇ ವರ್ಷ ನಮ್ಮ ದೇಶದಿಂದ ಪ್ರಕಟವಾದ ೧೫೦ ರೋಗಿಗಳ ಪ್ರಯೋಗದಲ್ಲಿ ಒಮ್ಮೆಗೆ ೧೦೦೦ ಕೋಟಿ ಕಿರುಬಿಲ್ಲೆಗಳನ್ನು ಚುಚ್ಚಿ ವರ್ಷದ ಬಳಿಕವೂ ಗುಣವನ್ನು ಕಂಡರು. ಆಸ್ಟ್ರೇಲಿಯದವರು ಕೊಟ್ಟ ಪ್ರಮಾಣವೇ ಸಾಲದೆಂದು ಈ ಚಿಕಿತ್ಸೆಯ ಸಮರ್ಥಕರು ಹೇಳುವುದು ಇದರಿಂದ. ಆದರೆ ಈ ಭಾರತೀಯ ಪ್ರಯೋಗದಲ್ಲಿ ಹೋಲಿಸಿದ್ದು ಉಪ್ಪುನೀರಿನೊಡನಲ್ಲ, ಕೀಲಿಗೆ ಚುಚ್ಚುವ ಇನ್ನೊಂದು ಮದ್ದಿನೊಡನೆ. ಅಲ್ಲಿ ಕಿರುಬಿಲ್ಲೆಗಳನ್ನು ಎಣಿಸಿದರು, ಸೊನ್ನೆಯನ್ನು ನೋಡಲಿಲ್ಲ. ಆಸ್ಟ್ರೇಲಿಯದಲ್ಲಿ ಸೊನ್ನೆಯನ್ನು ನೋಡಿದರು, ಎಣಿಕೆ ಕಡಮೆಯಾಯಿತು. ಎರಡನ್ನೂ ಒಂದೇ ಕಡೆ ಮಾಡಿದ ದೊಡ್ಡ ಪ್ರಯೋಗದಿಂದಲೇ ಈ ವಾದ ಬಗೆಹರಿಯಬೇಕು.

ಸಮರ್ಥಕರ ಈ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಅದು ಎರಡು ಬಾಯಿಯ ಕತ್ತಿ. ಪ್ರಮಾಣವೇ ಮುಖ್ಯವೆಂದ ಮೇಲೆ ಪ್ರಮಾಣವನ್ನು ಅಳೆಯದೆ ಚುಚ್ಚುವುದಕ್ಕೆ ಯಾವ ಆಧಾರ ಉಳಿಯಿತು? ನಮ್ಮ ಹಿರಿಯರೊಡನೆ ನಾವೂ ಆ ಚಿಕಿತ್ಸಾಲಯಕ್ಕೆ ಹೋಗಿ, ಅವರಿಗೆ ಚುಚ್ಚಿದ ರಸದಲ್ಲಿ ಕಿರುಬಿಲ್ಲೆಗಳೆಷ್ಟಿದ್ದವೆಂದು ಕೇಳಿದೆವು. “ಮೂರು ಸಾವಿರ ಸುತ್ತಿನಲ್ಲಿ ತಿರುಗಿಸುತ್ತೇವೆ” ಎಂಬ ಉತ್ತರ ಬಂದಿತು. ಇದು ಪ್ರಶ್ನೆಗೆ ಉತ್ತರವಲ್ಲ. ಭೌತವಿಜ್ಞಾನದ ದೃಷ್ಟಿಯಿಂದ ಪೂರ್ಣವಾದ ವಾಕ್ಯವೂ ಅಲ್ಲ. ಕೇಂದ್ರಾಪಗಾಮಿ ಬಲವು ಸುತ್ತಿನ ವೇಗದ ವರ್ಗವನ್ನೂ ತ್ರಿಜ್ಯವನ್ನೂ ಅನುಸರಿಸುತ್ತದೆ. ನಿಮಿಷಕ್ಕೆ ಮೂರು ಸಾವಿರ ಸುತ್ತಿದರೆ ಹತ್ತು ಸೆಂಟಿಮೀಟರ್ ತ್ರಿಜ್ಯದ ಯಂತ್ರದಲ್ಲಿ ಗುರುತ್ವದ ಸುಮಾರು ೧೦೦೦ ಪಟ್ಟು ಬಲವೂ, ಹದಿನಾರು ಸೆಂಟಿಮೀಟರಿನದರಲ್ಲಿ ೧೬೦೦ ಪಟ್ಟು ಬಲವೂ ಉಂಟಾಗುತ್ತದೆ. ತ್ರಿಜ್ಯ ಹೇಳದೆ ಸುತ್ತನ್ನು ಮಾತ್ರ ಹೇಳುವುದು, ದೂರ ಹೇಳದೆ ಗಾಡಿಯ ಚಕ್ರ ಎಷ್ಟು ಸುತ್ತು ಸುತ್ತಿತೆಂದು ಹೇಳಿದಂತೆ. ಇನ್ನು ರಕ್ತವೋ, ಒಬ್ಬರದರಲ್ಲಿ ಒಂದೂವರೆ ಲಕ್ಷ, ಇನ್ನೊಬ್ಬರದರಲ್ಲಿ ನಾಲ್ಕು ಲಕ್ಷ ಬಿಲ್ಲೆಗಳಿದ್ದರೆ ಒಂದೇ ಯಂತ್ರದಿಂದಲೂ ಒಂದೇ ಮದ್ದು ಬರಲಾರದು.

“ನಮ್ಮದೇ ರಕ್ತ, ಇದರಿಂದ ಹಾನಿಯೇನು?” ಎಂಬ ಮಾತನ್ನು ಎಲ್ಲೆಲ್ಲೂ ಕೇಳುತ್ತೇವೆ. ಹೊರಗಿನ ರಾಸಾಯನಿಕಗಳಿಗೆ ಅಂಜುವ ನಮ್ಮ ಜನರಿಗೆ ಈ ಮಾತು ಬಹಳ ಹಿಡಿಸುತ್ತದೆ. ತಮ್ಮದೇ ರಕ್ತವಾದುದರಿಂದ ಒಗ್ಗದಿರುವ ಭಯ ಕಡಮೆಯೆಂಬುದು ನಿಜ. ಚುಚ್ಚಿದೆಡೆ ಕೆಲವು ದಿನ ನೋವು, ಎಲ್ಲ ಸೂಜಿಗಳಿಗೂ ಇರುವಂತೆ ಅಪರೂಪವಾಗಿ ಸೋಂಕು, ಇಷ್ಟನ್ನು ಬಿಟ್ಟರೆ ಮೈಗೆ ದೊಡ್ಡ ಅಪಾಯವಿಲ್ಲ. ಆದರೆ ಹಾನಿಯಿಲ್ಲವೆಂಬುದು ಒಂದು ಮಾತು, ಗುಣವಿದೆಯೆಂಬುದು ಇನ್ನೊಂದು. ಅಲ್ಲದೆ ಹಾನಿಯು ಮೈಗೆ ಮಾತ್ರ ಆಗುವಂಥದೂ ಅಲ್ಲ. ಪಿಂಚಣಿಯ ಹಣ ಹೋದರೆ ಅದೂ ಹಾನಿಯೇ. ನಿಜವಾಗಿ ಉಪಕರಿಸುವ ಕೆಲಸವನ್ನು ಮುಂದೂಡಿದರೆ ಅದು ಇನ್ನೂ ದೊಡ್ಡ ಹಾನಿ.

ಅಂಥ ಕೆಲಸವೊಂದು ಇದೆಯೆಂಬುದನ್ನು ಮರೆಯಬಾರದು. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ, ಹೆಚ್ಚಾದ ಮೈತೂಕವನ್ನು ಇಳಿಸುವುದು, ಈ ಎರಡನ್ನು ಮಂಡಿಯ ಸವೆತಕ್ಕೆ ಮಾರ್ಗಸೂಚಿಗಳು ಒಮ್ಮತದಿಂದ ಹೇಳುತ್ತವೆ. ಇದಕ್ಕೆ ಯಂತ್ರ ಬೇಡ, ಹೊಂಬಣ್ಣದ ರಸ ಬೇಡ. ಗೋಡೆಯ ಮೇಲೆ ಫಲಕ ಹಾಕಿ ಜಾಹೀರು ಮಾಡುವವರೂ ಇಲ್ಲ. ತಿಂಗಳುಗಟ್ಟಲೆ ಬೇಸರವಿಲ್ಲದೆ ಮಾಡುವ ತಾಳ್ಮೆಯೊಂದು ಬೇಕು.

ಪಿ.ಆರ್.ಪಿ.ಯನ್ನು ನಿಷೇಧಿಸಬೇಕೆಂದು ನಾವು ಹೇಳುತ್ತಿಲ್ಲ. ನಾಳೆ ಸರಿಯಾದ ಪ್ರಮಾಣದ ರಸವು ಸರಿಯಾದ ರೋಗಿಗೆ ಉಪಕರಿಸುತ್ತದೆಂದು ಸಿದ್ಧವಾದರೆ ನಮಗೂ ಸಂತೋಷವೇ. ನಾವು ಕೇಳುವುದು ಇಷ್ಟೆ. ಯಾವ ಚಿಕಿತ್ಸಾಲಯವೇ ಆಗಲಿ, ಚುಚ್ಚುವ ಮುನ್ನ ಒಂದು ಹನಿ ರಸವನ್ನು ಎಣಿಕೆಯ ಯಂತ್ರಕ್ಕೆ ಕೊಟ್ಟು, ರಕ್ತದಲ್ಲಿ ಎಷ್ಟಿತ್ತು, ರಸದಲ್ಲಿ ಎಷ್ಟಾಯಿತು, ಒಟ್ಟು ಎಷ್ಟು ಕೋಟಿ ಚುಚ್ಚಿದೆವು ಎಂಬುದನ್ನು ರೋಗಿಯ ಚೀಟಿಯಲ್ಲಿ ಬರೆಯಲಿ. ಡೆಂಗೆಯ ರೋಗಿಗೆ ಪ್ರತಿದಿನ ಮಾಡುವ ಎಣಿಕೆ ಇದು. ಇದರಲ್ಲಿ ಹೊಸ ವಿದ್ಯೆಯೇನೂ ಇಲ್ಲ. ಎರಡನೆಯದಾಗಿ, ಉಪ್ಪುನೀರಿನೊಡನೆ ಹೋಲಿಸಿದಾಗ ಎಷ್ಟು ಗುಣ ಉಳಿಯುತ್ತದೆಂಬುದನ್ನು ಹಣ ಪಡೆಯುವ ಮುನ್ನ ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಲಿ. ಈ ಎರಡಕ್ಕೂ ಒಪ್ಪದವರ ಬಳಿ ರೋಗಿಯು ಸೂಜಿಗೆ ಕೈಯೊಡ್ಡದಿರುವುದೇ ಲೇಸು.

ನಮ್ಮ ಹಿರಿಯರಿಗೆ ಕೊನೆಗೆ ನಾವು ಹೇಳಿದ್ದೂ ಇದನ್ನೇ: ಆ ಎರಡು ತಿಂಗಳ ಸುಖ ಎಲ್ಲಿಂದ ಬಂದಿತೆಂದು ಹೇಳಲಾರೆವು, ಆದರೆ ಅದೇ ಸುಖವನ್ನು ಉಪ್ಪುನೀರು ಕೂಡ ಅನೇಕರಿಗೆ ಕೊಟ್ಟಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸೊನ್ನೆ ನೋಡದೆ ರೀಡಿಂಗ್ ತೆಗೆದಂತಾಯಿತು” ಎಂದರು. ಉಳಿದ ಎರಡು ಸೂಜಿಗಳನ್ನು ಅವರು ಹಾಕಿಸಿಕೊಳ್ಳಲಿಲ್ಲ. ಈಗ ಬೆಳಗ್ಗೆ ಸಂಜೆ ಕುರ್ಚಿಯಲ್ಲಿ ಕುಳಿತು ಕಾಲನ್ನು ನೀಡಿ ಮಡಿಸುವ ವ್ಯಾಯಾಮ ಮಾಡುತ್ತಿದ್ದಾರೆ. ಮೊದಲ ದಿನದ ನೋವಿಗೆ ಎಷ್ಟು ಅಂಕವೆಂಬುದನ್ನು ಒಂದು ಹಳೆಯ ಪ್ರಯೋಗದ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ.